ಬುದ್ಧಿಯನ್ನು ಎಲ್ಲಿ ಹುಡುಕಬೇಕು?

(ಕಾರ್ಮಿಕರ ವಾಚನಾಲಯದ ಸಂಜೆಯ ಸಭೆಯಲ್ಲಿ ಮಾಡಿದ ಭಾಷಣ)



ಪಾಳಿ ಮುಗಿಸಿ ನೇರವಾಗಿ ಇಲ್ಲಿಗೆ ಬಂದವರಿದ್ದೀರಿ, ಅಂಗಡಿಯ ಬಾಗಿಲೆಳೆದು ಬಂದವರೂ ಇದ್ದೀರಿ. ಆದಕಾರಣ ಪೀಠಿಕೆ ಬೇಡ. ಬುದ್ಧಿಯನ್ನು ಅಳೆಯುವ ಶಾಸ್ತ್ರವೊಂದಿದೆ. ಅದು ಯಾರ ಬುದ್ಧಿಯನ್ನು, ಎಲ್ಲಿ ನಿಂತು ನೋಡಬೇಕೆಂಬುದೇ ಇಂದಿನ ಮಾತು.

ನನ್ನ ತಂದೆ ನೂಲುವ ಖಾತೆಯಲ್ಲಿದ್ದರು. ಸದ್ದು ಕೇಳಿಯೇ ಯಾವ ಕದಿರು ಕೆಟ್ಟಿದೆಯೆಂದು ಹೇಳುತ್ತಿದ್ದರು. ಮೇಲಿನ ಕೆಲಸಕ್ಕೆ ಒಮ್ಮೆ ಪರೀಕ್ಷೆ ಇಟ್ಟರು. ಕಾಗದ ಪೆನ್ಸಿಲು ಕೊಟ್ಟು ಕೂರಿಸಿದರು. ತಂದೆಯವರು ತಪ್ಪಾದರು. ಪಾಸಾಗಿ ಬಂದ ಹುಡುಗನಿಗೆ ಆ ಕೆಲಸವನ್ನು ಕಲಿಸಿಕೊಟ್ಟವರೂ ಅವರೇ!

ಈ ಅಳತೆಗೋಲನ್ನು ಮೊದಲು ಮಾಡಿದಾತ ಪ್ಯಾರಿಸ್ಸಿನ ಆಲ್ಫ್ರೆಡ್ ಬಿನೆ. ಆತನನ್ನು ಬೈಯಲು ನಾನು ಬಂದಿಲ್ಲ. ಇನೋದಿ ಎಂಬೊಬ್ಬನಿದ್ದ, ಚಿಕ್ಕಂದಿನಲ್ಲಿ ಇಟಲಿಯಲ್ಲಿ ಕುರಿ ಕಾಯುತ್ತ ಲೆಕ್ಕ ಕಲಿತವನು, ಆಮೇಲೆ ರಂಗದ ಮೇಲೆ ಬಾಯಿಲೆಕ್ಕ ಮಾಡಿ ಹೆಸರಾದವನು. ಬಿನೆ ಅವನ ಎದುರಿಗೆ ಯಾರನ್ನು ತಂದು ನಿಲ್ಲಿಸಿದ ಗೊತ್ತೇ? ಬಾನ್ ಮಾರ್ಷೆ ಎಂಬ ದೊಡ್ಡ ಅಂಗಡಿಯ ಕ್ಯಾಷಿಯರರನ್ನು. ಅವರು ಹುಟ್ಟಾ ಪ್ರತಿಭಾವಂತರಲ್ಲ, ವರ್ಷಗಟ್ಟಲೆ ಗಲ್ಲದ ಮುಂದೆ ಕುಳಿತವರು. ಸಣ್ಣ ಗುಣಾಕಾರಗಳಲ್ಲಿ ಅವರು ಆ ಅದ್ಭುತ ಪುರುಷನಿಗೇ ಸಾಟಿಯಾದರು. 1894ರಲ್ಲಿ ಅಚ್ಚಾದ ಪುಸ್ತಕದಲ್ಲಿ ಈ ಸಂಗತಿ ಇದೆ.

1904ರಲ್ಲಿ ಫ್ರೆಂಚ್ ಸರಕಾರ ನೇಮಿಸಿದ ಸಮಿತಿಯೊಂದರ ಕೆಲಸದಿಂದ, ಮರುವರ್ಷ ಬಿನೆಯೂ ಸಿಮೋನನೂ ಕೂಡಿ 30 ಪರೀಕ್ಷೆಗಳ ಮಾಲೆ ಕಟ್ಟಿದರು. ಉದ್ದೇಶ ಇಷ್ಟೇ: ಶಾಲೆಯಲ್ಲಿ ಹಿಂದುಳಿದ ಮಗುವನ್ನು ಗುರುತಿಸಿ ಹೆಚ್ಚಿನ ನೆರವು ಕೊಡುವುದು. ಬುದ್ಧಿ ಹುಟ್ಟಿನಿಂದ ಬಂದಷ್ಟೇ, ಬೆಳೆಯದು ಎಂಬ ವಾದವನ್ನು ಬಿನೆ 1909ರಲ್ಲಿ ಖಂಡಿಸಿ ಬರೆದ. 1911ರಲ್ಲಿ ತೀರಿಕೊಂಡ. ಗೋಲು ಬೇರೆಯವರ ಕೈಗೆ ಹೋಯಿತು.

ಮೊದಲ ಮಹಾಯುದ್ಧದ ಕಾಲಕ್ಕೆ ಅಮೆರಿಕಾದಲ್ಲಿ ಸುಮಾರು 17 ಲಕ್ಷ ಸಿಪಾಯಿಗಳನ್ನು ಸಾಲಾಗಿ ಕೂರಿಸಿ ಬುದ್ಧಿ ಅಳೆದರು. ಓದುಬಾರದವರಿಗೆ ಚಿತ್ರ. ಟೆನಿಸ್ ಅಂಗಳದ ಚಿತ್ರದಲ್ಲಿ ಬಲೆ ಇಲ್ಲ. ಏನು ಕಡಿಮೆಯಾಗಿದೆ, ಬರೆದು ತೋರಿಸು ಎಂದರು. ನಿನ್ನೆ ಮೊನ್ನೆ ಹಡಗಿನಿಂದಿಳಿದ ಬಡ ರೈತ ಟೆನಿಸ್ ಅಂಗಳವನ್ನು ಎಲ್ಲಿ ಕಂಡಾನು? ಆ ಅಂಕಗಳನ್ನೇ ಹಿಡಿದು ದಕ್ಷಿಣ, ಪೂರ್ವ ಯುರೋಪಿನವರು ದಡ್ಡರೆಂದು ಬ್ರಿಗಂ ಎಂಬ ಪಂಡಿತ 1923ರಲ್ಲಿ ಪುಸ್ತಕ ಬರೆದ. 1930ರಲ್ಲಿ ತನ್ನ ತೀರ್ಮಾನಕ್ಕೆ ಬುಡವಿಲ್ಲವೆಂದು ತಾನೇ ಒಪ್ಪಿಕೊಂಡ. ಒಪ್ಪಿಕೊಂಡದ್ದು ದೊಡ್ಡದೇ, ಆದರೆ ಅಷ್ಟರಲ್ಲಿ ಏಳು ವರ್ಷ ಕಳೆದಿತ್ತು.

ಹಾಗಾದರೆ ನೋಡಬೇಕಾದದ್ದೇನು? ಬ್ರೆಜಿಲ್ ದೇಶದ ರೆಸಿಫೆ ಪಟ್ಟಣದಲ್ಲಿ ಮೂವರು ವಿದ್ವಾಂಸರು ಸಂತೆಗೇ ಹೋದರು. 12 ವರ್ಷದ ಎಳನೀರು ಮಾರುವ ಹುಡುಗನ ಹತ್ತಿರ ಗಿರಾಕಿಗಳಂತೆ ನಿಂತು, ಒಂದಕ್ಕೆ 35 ಆದರೆ ನಾಲ್ಕಕ್ಕೆಷ್ಟು ಎಂದು ಕೇಳಿದರು. ಮೂರಕ್ಕೆ 105, ಅದಕ್ಕೆ 30 ಸೇರಿಸಿದರೆ 135, ಇನ್ನೈದು, 140 ಎಂದ. ಆಮೇಲೆ ಅದೇ ಹುಡುಗನಿಗೆ ಕಾಗದದಲ್ಲಿ ಅದೇ ಲೆಕ್ಕ ಕೊಟ್ಟರು. ನಾಲ್ಕೈದಲ 20, ದಶಕ ಎರಡು, ಎರಡೂ ಮೂರೂ ಐದು, ಐದು ನಾಲ್ಕಲ 20, ಉತ್ತರ 200! ಐದು ಮಕ್ಕಳು ಬೀದಿಯಲ್ಲಿ ಮಾಡಿದ 63 ಲೆಕ್ಕಗಳಲ್ಲಿ ನೂರಕ್ಕೆ 98 ಸರಿ. ಬರಿಯ ಅಂಕಿಗಳ ಲೆಕ್ಕದಲ್ಲಿ ನೂರಕ್ಕೆ 37. ಇದು 1985ರಲ್ಲಿ ಪ್ರಕಟವಾಯಿತು. ಕಾಗದದ ಅಂಕವನ್ನಷ್ಟೇ ಕಂಡ ಮೇಷ್ಟರು ಆ ಹುಡುಗನನ್ನು ಏನೆಂದಾರು, ಯೋಚಿಸಿ.

ಸಿಲ್ವಿಯಾ ಸ್ಕ್ರಿಬ್ನರ್ ಎಂಬಾಕೆ ಅಮೆರಿಕಾದ ಹಾಲಿನ ಕಾರ್ಖಾನೆಯೊಂದರ ತಣ್ಣನೆಯ ಕೋಠಿಯೊಳಗೆ ಹೋಗಿ, ಮಾಲು ಜೋಡಿಸುವ ಆಳುಗಳನ್ನು ನೋಡಿದರು. ಒಂದು ಪೆಟ್ಟಿಗೆಗೆ 16 ಡಬ್ಬಿ. 10 ಬೇಕಾದರೆ ಚೀಟಿಯಲ್ಲಿ ‘1-6’ ಎಂದಿರುತ್ತದೆ. ಒಂದು ಪೆಟ್ಟಿಗೆಯಲ್ಲಿ ಆರು ಕಡಿಮೆ. ಹೊಸಬ ತುಂಬಿದ ಪೆಟ್ಟಿಗೆಯಿಂದ ಆರು ತೆಗೆದಿಡುತ್ತಾನೆ. ಪಳಗಿದವನ ಕಣ್ಣು ಸುತ್ತಲೂ ಹೊರಳುತ್ತದೆ. ಎಂಟಿರುವ ಅರೆಪೆಟ್ಟಿಗೆ ಪಕ್ಕದಲ್ಲೇ ಇದ್ದರೆ ಎರಡು ಹಾಕಿ ತಳ್ಳುತ್ತಾನೆ. ಬೆನ್ನಿಗೆ ನಾಲ್ಕು ಡಬ್ಬಿಯ ಭಾರ ಉಳಿಯಿತು. ಚೀಟಿಯ ಲೆಕ್ಕವನ್ನು ಕಣ್ಣೆದುರಿನ ಲೆಕ್ಕಕ್ಕೆ ಅವನು ನಿಮಿಷ ತಡೆಯದೆ ಬದಲಾಯಿಸಿಕೊಂಡಿದ್ದಾನೆ. ಇದೇ ಕೆಲಸವನ್ನು ವಿದ್ಯಾರ್ಥಿಗಳಿಗೆ ಕೊಟ್ಟಾಗ ಅವರು ಹೆಚ್ಚಾಗಿ ಚೀಟಿಯಲ್ಲಿದ್ದಂತೆಯೇ ಮಾಡಿದರು. ಶಾಸ್ತ್ರ ಇಲ್ಲಿ ನಿಲ್ಲಬೇಕು: ಕೈ, ಕಣ್ಣು, ಎದುರಿನ ಸಾಮಾನು, ಉಳಿಸಬೇಕಾದ ಶ್ರಮ, ಇವೆಲ್ಲ ಸೇರಿ ಲೆಕ್ಕ ಹೇಗೆ ಹುಟ್ಟುತ್ತದೆಂದು ನೋಡಬೇಕು. ತಲೆಯೊಂದನ್ನೇ ಕತ್ತರಿಸಿ ಮೇಜಿನ ಮೇಲಿಟ್ಟು ನೋಡಿದರೆ ಕಾಣುವುದು ಅಷ್ಟರಲ್ಲೇ ಇದೆ.

ಯಂತ್ರಕ್ಕೂ ಬುದ್ಧಿ ಬಂದಿತೆಂಬ ಮಾತು ಈಗ ಎಲ್ಲೆಲ್ಲೂ. 1997ರಲ್ಲಿ ಯಂತ್ರ ಚದುರಂಗದಲ್ಲಿ ಕಾಸ್ಪರೋವನನ್ನು ಸೋಲಿಸಿತು. ಅದಾಗಿ ಎಷ್ಟೋ ವರ್ಷಗಳ ಮೇಲೂ ಬಟ್ಟೆ ಮಡಿಸಲು ಯಂತ್ರಗಳು ತಿಣುಕಿದವು. ಯಾವುದು ಕಠಿಣ, ಯಾವುದು ಸುಲಭ ಎಂಬ ನಮ್ಮ ಪಟ್ಟಿಯೇ ತಲೆಕೆಳಗಾಗಿತ್ತು.

ಇಷ್ಟು ಕೇಳಿ, ಹಾಗಾದರೆ ಶಾಲೆ ಏಕೆ ಎಂದು ಯಾರಾದರೂ ಚಪ್ಪಾಳೆ ತಟ್ಟಿದರೆ ನಾನು ಒಪ್ಪುವವನಲ್ಲ. ಸಂಬಳದ ಚೀಟಿಯಲ್ಲಿ ಭವಿಷ್ಯನಿಧಿಗೆಂದು ಎಷ್ಟು ಮುರಿದರು ಎಂಬುದನ್ನು ಕದಿರಿನ ಸದ್ದು ತಿಳಿಸುವುದಿಲ್ಲ. ಆ ಹುಡುಗನಿಗೂ ಕಾಗದದ ಲೆಕ್ಕ ಬೇಕು. ಅದನ್ನು ಅವನ ಎಳನೀರಿನ ಲೆಕ್ಕದ ಮೇಲೆ ಕಟ್ಟುವುದು ಹೇಗೆ ಎಂಬುದೂ ಅದೇ ಶಾಸ್ತ್ರದ ಕೆಲಸ. ಕಾಲು, ಅರೆ, ಮುಕ್ಕಾಲು ಮಗ್ಗಿ ಬಾಯಿಪಾಠ ಮಾಡಿದ ಹಿರಿಯರು ಇಲ್ಲಿ ಕೆಲವರಾದರೂ ಇರಬೇಕು. ನೀವು ಮನಸ್ಸಿನಲ್ಲಿ ಲೆಕ್ಕ ಕಟ್ಟುವ ಬಗೆಯನ್ನು ನನಗೆ ಬಿಡಿಸಿ ಹೇಳಬೇಕು. ತಕ್ಕಡಿ ಹಿಡಿಯುವವರು ಮೊದಲು ಹೇಳಲಿ, ಆಮೇಲೆ ಮಗ್ಗದವರು.