ಹಳಿಯಿಲ್ಲದ ಹಾದಿಯಲ್ಲಿ ಸೈಕಲ್

ಕೇಳುಗರೇ, ರೈಲು ನಿಂತುಹೋದ ಊರಿಗೆ ಸೈಕಲ್ಲು ಅನ್ನ ಕೊಡಬಲ್ಲದೇ? ನ್ಯೂಜಿಲೆಂಡಿನ ಒಟಾಗೊ ಪ್ರಾಂತ್ಯದಲ್ಲಿ ಕೊಟ್ಟಿದೆ. ಮಿಡ್ಲ್‌ಮಾರ್ಚ್‌ನಿಂದ ಕ್ಲೈಡ್‌ವರೆಗಿನ ರೈಲು 1990ರಲ್ಲಿ ನಿಂತಿತು. ಹಳಿ ಕಿತ್ತ ಆ 152 ಕಿ.ಮೀ. ಹಾದಿ 2000ದಲ್ಲಿ ಸೈಕಲ್ ಸವಾರರಿಗೆ ಪೂರ್ತಿ ತೆರೆಯಿತು.

ಉಗಿಬಂಡಿ ಕಡಿದಾದ ಏರು ಹತ್ತಲಾರದು. ಹೀಗಾಗಿ ದಾರಿಯ ಏರಿಳಿತ ಸೌಮ್ಯ. ಹೊಸಬರೂ ನಾಲ್ಕೈದು ದಿನಗಳಲ್ಲಿ ಮುಗಿಸಬಹುದು. ರಾತ್ರಿ ತಂಗುವ ಊರು ಮೊದಲು ಗೊತ್ತುಮಾಡಿ, ದಿನದ ದೂರ ಆಮೇಲೆ. ಬಯಲಿನಲ್ಲಿ ನೆರಳು ಕಡಿಮೆ. ಎದುರುಗಾಳಿ ಎದ್ದರಂತೂ ಸಮತಟ್ಟು ನೆಲವೂ ಗುಡ್ಡವೇ! ನೀರು ಧಾರಾಳವಾಗಿರಲಿ. ಪೂಲ್‌ಬರ್ನ್ ಕಣಿವೆಯ ಸುರಂಗಗಳಲ್ಲಿ ದೀಪವಿಲ್ಲ. ಟಾರ್ಚ್ ಬೇಕೇ ಬೇಕು.

ಪೂರಾ ಬುತ್ತಿ ಕಟ್ಟಿಕೊಂಡೇ ಹೊರಡುವವರೂ ಉಂಟು. ಆದರೆ ರೈಲು ಹೋದ ಮೇಲೆ ರಾನ್‌ಫರ್ಲಿ, ಓಟುರೆಹುವಾದಂಥ ಊರುಗಳ ಹೋಟೆಲು, ಅಂಗಡಿಗಳು ಬಾಗಿಲು ತೆರೆದಿರುವುದರಲ್ಲಿ ಈ ಸವಾರರ ಒಂದು ರಾತ್ರಿಯ ಬಾಡಿಗೆ, ಒಂದು ಹೊತ್ತಿನ ಊಟದ ಪಾಲು ದೊಡ್ಡದು.