ನಿಧಾನವಾಗಿ ಬಂದ ದಾರಿ

(ಸೊಲ್ಲಾಪುರದ ಮಾಸಿಕ ಕೂಟದಲ್ಲಿ ಆಡಿದ ಮಾತು)



ಅಮೆರಿಕೆಗೆ ಹೋಗಿಬಂದ ವಿಷಯ ಹೇಳಿರೆಂದು ಹಿರಿಯರು ಅಪ್ಪಣೆ ಮಾಡಿದ್ದಾರೆ. ನಮ್ಮಿಬ್ಬರಲ್ಲಿ ಒಬ್ಬರು ಗಿರಣಿಯಲ್ಲಿ ದುಡಿದವರು, ಇನ್ನೊಬ್ಬರು ಬೀಡಿ ಕಟ್ಟಿದವರು. ನಮ್ಮ ಕಣ್ಣಿಗೆ ಬಿದ್ದದ್ದನ್ನಷ್ಟೇ ಹೇಳುತ್ತೇವೆ.

ಮಗನ ಮನೆ ಟೆಕ್ಸಾಸಿನ ಎಲ್ ಪಾಸೋದಲ್ಲಿ. ಫೆಬ್ರವರಿಯಲ್ಲಿ ಅವನು ಸ್ಯಾನ್ ಡಿಯಾಗೋದಲ್ಲಿ ಹಳೆಯದೊಂದು ಮೋಟಾರ್‌ಹೋಮ್ ಕೊಂಡ. ಹಾಸಿಗೆ, ಒಲೆ, ಕಕ್ಕಸು, ನೀರಿನ ತೊಟ್ಟಿ ಎಲ್ಲವೂ ಗಾಲಿಯ ಮೇಲೆ. ಹೆದ್ದಾರಿ ಹಿಡಿದರೆ ಮನೆಗೆ ಸುಮಾರು 1,150 ಕಿಲೋಮೀಟರು, ಒಂದು ದಿನದ ದಾರಿ. ನಾವು ಒಂಬತ್ತು ದಿನ ತೆಗೆದುಕೊಂಡೆವು.

ಗುಡ್ಡ ಇಳಿದರೆ ಇಂಪೀರಿಯಲ್ ಕಣಿವೆ. ಕೊಲರಾಡೋ ನದಿಯ ಕಾಲುವೆ ಹರಿದಲ್ಲಿ ಹಸಿರು, ಅದು ನಿಂತಲ್ಲಿ ಮರಳು. ಮುಂದೆ ಯೂಮಾ ಊರಿನಲ್ಲಿ ತಂಗಿದಾಗ ಬೆಳಗಿನ ನಾಲ್ಕಕ್ಕೆ ಬಸ್ಸುಗಳ ಸದ್ದಿಗೆ ಎಚ್ಚರವಾಯಿತು. ಮೆಕ್ಸಿಕೋದಿಂದ ಗಡಿ ದಾಟಿ ಬಂದ ಕೂಲಿಗಳನ್ನು ಹೊಲಕ್ಕೆ ಒಯ್ಯುವ ಬಸ್ಸುಗಳು. ಚಳಿಗಾಲದಲ್ಲಿ ಆ ದೇಶ ತಿನ್ನುವ ಲೆಟಿಸ್ ಸೊಪ್ಪಿನ ಬಹುಪಾಲು ಆ ಸೀಮೆಯದು. ಬಗ್ಗಿ ಕೊಯ್ಯುವುದು ಇಂದಿಗೂ ಹೆಚ್ಚಾಗಿ ಕೈಯಿಂದಲೇ. ಹಿಂದಿನ ಸಂಜೆ ಕೊಂಡ ಸೊಪ್ಪು ನಮ್ಮ ಮೇಜಿನ ಮೇಲಿತ್ತು. ನಮಗೆ ಮತ್ತೆ ನಿದ್ದೆ ಹತ್ತಲಿಲ್ಲ.

ಟೂಸಾನಿನ ಬಳಿ ಸಗ್ವಾರೋ ಕಳ್ಳಿಯ ಕಾಡಿದೆ. ಅದಕ್ಕೆ ಮೊದಲ ಕೊಂಬೆ ಒಡೆಯಲು 75 ವರುಷ ಬೇಕಾದೀತು. ಅಲ್ಲಿ ಎರಡು ದಿನ ಉಳಿದೆವು. ತೊಟ್ಟಿಯ ನೀರು ತಳ ಕಂಡಾಗ ಮಗನ ಮೇಲೆ ರೇಗಿದೆವು.

ಅಲ್ಲಿಂದ ಬಿಸ್ಬೀ ಎಂಬ ತಾಮ್ರದ ಗಣಿಯ ಊರು. 1975ರಲ್ಲಿ ಗಣಿ ಮುಚ್ಚಿತು. ಮರುವರುಷದಿಂದ ಹಳೆಯ ಕೆಲಸಗಾರರೇ ನೋಡುಗರನ್ನು ಒಳಗೆ ಕರೆದೊಯ್ದು ತೋರಿಸತೊಡಗಿದರು. ಗಿರಣಿ ಮುಚ್ಚಿದ್ದನ್ನು ಕಂಡ ನಮಗೆ ಅದು ಪರದೇಶವೆನಿಸಲಿಲ್ಲ. 1917ರಲ್ಲಿ ಅಲ್ಲಿನವರು ಸುರಕ್ಷಿತವಾದ ಕೆಲಸ, ನ್ಯಾಯವಾದ ಕೂಲಿ ಕೇಳಿ ಮುಷ್ಕರ ಹೂಡಿದರು. ಜುಲೈ 12ರ ನಸುಕಿನಲ್ಲಿ ಬಂದೂಕು ಹಿಡಿದವರು ಮನೆಮನೆಗೆ ನುಗ್ಗಿ, ಸುಮಾರು 1,200 ಜನರನ್ನು ದನ ಸಾಗಿಸುವ ರೈಲು ಡಬ್ಬಿಗಳಿಗೆ ತುಂಬಿ, ನ್ಯೂ ಮೆಕ್ಸಿಕೋದ ಹರ್ಮಾನಾಸ್ ಎಂಬ ಬಯಲಿನಲ್ಲಿ ಬಿಟ್ಟುಬಂದರು. ಆಮೇಲೆ ಸೈನ್ಯದವರು ಅವರನ್ನು ಕೊಲಂಬಸ್ ಊರಿನ ಡೇರೆಗಳಿಗೆ ಸೇರಿಸಿದರು. ಈ ಕೃತ್ಯಕ್ಕಾಗಿ ಯಾರಿಗೂ ಶಿಕ್ಷೆಯಾಗಲಿಲ್ಲ.

ಕೊನೆಯ ದಿನ ನಾವು ದೊಡ್ಡ ಹೆದ್ದಾರಿ ಬಿಟ್ಟು 9ನೆಯ ನಂಬರಿನ ರಸ್ತೆ ಹಿಡಿದೆವು. ಆ ರೈಲು ಹೋದ ದಾರಿಯ ಪಕ್ಕದಲ್ಲೇ ಆ ರಸ್ತೆ ಸಾಗುತ್ತದೆ. ಹಳಿಗಳು ಈಗಿಲ್ಲ. ನೆರಳಿಲ್ಲ, ಬಾವಿಯಿಲ್ಲ, ಕಣ್ಣು ಹಾಯುವವರೆಗೂ ಒಣ ಪೊದೆ. ಹರ್ಮಾನಾಸಿನ ಬಳಿ ಮಗ ಗಾಡಿ ನಿಲ್ಲಿಸಿದ. ಅಂದು ನಮ್ಮ ತೊಟ್ಟಿ ತುಂಬಿತ್ತು. ಆ ಜನರನ್ನು ಇಳಿಸಿದ್ದು ಜುಲೈ ತಿಂಗಳ ಬಿಸಿಲಿನಲ್ಲಿ. ಟೂಸಾನಿನಲ್ಲಿ ನೀರಿಗಾಗಿ ರೇಗಿದ್ದು ನೆನಪಾಗಿ ನಮಗೆ ನಾಚಿಕೆಯಾಯಿತು. ಒಂದೊಂದು ಲೋಟ ನೀರು ಕುಡಿದು, ಮಾತಿಲ್ಲದೆ ಹೊರಟೆವು. ಸಂಜೆಗೆ ಮನೆ ಮುಟ್ಟಿದೆವು.

ಸಹೋದರರೇ, ಒಂದೇ ದಿನದಲ್ಲಿ ಬಂದಿದ್ದರೆ ಆ ಬಸ್ಸುಗಳನ್ನಾಗಲಿ ಆ ಬಯಲನ್ನಾಗಲಿ ನಾವು ಕಾಣುತ್ತಿರಲಿಲ್ಲ. ಬಿಡುವು ಸಿಕ್ಕಾಗ ನೀವೂ ನಿಧಾನವಾಗಿ ಹೋಗಿರಿ. ಈ ದಾರಿಯಲ್ಲಿ ನಮಗಿಂತ ಮೊದಲು ಯಾರು ಹೋದರು, ಹೇಗೆ ಹೋದರು ಎಂದು ಕೇಳಿರಿ. ಇಷ್ಟು ಹೇಳಿ ನಮ್ಮ ಮಾತು ಮುಗಿಸುತ್ತೇವೆ.