ಜಾಲಕ್ಕೆಲ್ಲ ಒಂದೇ ಹೊತ್ತು



2003ರ ಆಗಸ್ಟ್ 14ರ ಸಂಜೆ ಅಮೆರಿಕದ ಈಶಾನ್ಯ ಮತ್ತು ಮಧ್ಯಪಶ್ಚಿಮ ರಾಜ್ಯಗಳಲ್ಲೂ ಕೆನಡಾದ ಒಂಟಾರಿಯೊದಲ್ಲೂ ಸುಮಾರು 5 ಕೋಟಿ ಜನರಿಗೆ ಕರೆಂಟ್ ಹೋಯಿತು. ಕೊನೆಯ ಏಳೆಂಟು ನಿಮಿಷಗಳಲ್ಲಿ ಲೈನುಗಳು ಸಾಲುಸಾಲಾಗಿ ಟ್ರಿಪ್ ಆದವು. ತನಿಖೆಗೆ ಕುಳಿತವರಿಗೆ ದಾಖಲೆಗಳ ಕೊರತೆ ಇರಲಿಲ್ಲ. ಆದರೆ ಅವನ್ನು ಬರೆದಿಟ್ಟ ಎಷ್ಟೋ ಯಂತ್ರಗಳ ಗಡಿಯಾರಗಳು ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ಯಾವ ಲೈನು ಮೊದಲು ಬಿತ್ತು, ಅದರ ಹೊರೆ ತಾಳದೆ ಯಾವುದು ಬಿತ್ತು ಎಂದು ಜೋಡಿಸುವುದೇ ಹರಸಾಹಸವಾಯಿತು. ಸಮಯ ಹೊಂದಿಸಿದ ದಾಖಲೆ ಯಂತ್ರಗಳು ಕಡ್ಡಾಯವಾಗಬೇಕೆಂದು ಎರಡೂ ದೇಶಗಳ ಜಂಟಿ ಕಾರ್ಯಪಡೆ 2004ರಲ್ಲಿ ಶಿಫಾರಸು ಮಾಡಿತು.

ಕಾರಣ ತಿಳಿಯಬೇಕಾದರೆ ಘಟನೆಗಳ ಕ್ರಮ ತಿಳಿಯಬೇಕು. ಕ್ರಮ ತಿಳಿಯಬೇಕಾದರೆ ದೂರದೂರದ ಯಂತ್ರಗಳು ಒಂದೇ ಹೊತ್ತನ್ನು ತೋರಿಸಬೇಕು. ನನ್ನ ಮಾತಿನ ತಿರುಳು ಇದೇ.

ಎಷ್ಟು ಕರಾರುವಾಕ್ಕಾಗಿ? ನಮ್ಮ ಗ್ರಿಡ್‌ನಲ್ಲಿ ವಿದ್ಯುತ್ತಿನ ಒಂದು ಆವರ್ತನೆ 20 ಮಿಲಿಸೆಕೆಂಡುಗಳಲ್ಲಿ ಮುಗಿಯುತ್ತದೆ. ಎರಡು ಸಬ್‌ಸ್ಟೇಷನ್‌ಗಳ ಗಡಿಯಾರಗಳ ನಡುವೆ 1 ಮಿಲಿಸೆಕೆಂಡು ಅಂತರವಿದ್ದರೂ ಅಳತೆಯ ಕೋನ 18 ಡಿಗ್ರಿ ತಪ್ಪುತ್ತದೆ. ಅಂತರ 1 ಮೈಕ್ರೋಸೆಕೆಂಡಿಗೆ ಇಳಿದರೆ ತಪ್ಪು 0.018 ಡಿಗ್ರಿ ಮಾತ್ರ. 1988ರಲ್ಲಿ ವರ್ಜೀನಿಯಾ ಟೆಕ್‌ನಲ್ಲಿ ಅರುಣ್ ಫಡ್ಕೆ ಮತ್ತು ಜೇಮ್ಸ್ ಥಾರ್ಪ್ ರೂಪಿಸಿದ, ಈ ಕೋನವನ್ನು ಅಳೆಯುವ ಫೇಸರ್ ಮಾಪಕ ನಿಂತಿರುವುದೇ ಈ ನಿಖರತೆಯ ಮೇಲೆ.

ಇಂಥ ನಿಖರತೆಯನ್ನು ಈಥರ್‌ನೆಟ್ ತಂತಿಯಲ್ಲೇ ಸಾಗಿಸುವ ವಿಧಾನ ಪಿಟಿಪಿ, ಅಂದರೆ ಪ್ರಿಸಿಷನ್ ಟೈಮ್ ಪ್ರೊಟೊಕಾಲ್. ಅದು 2002ರಲ್ಲಿ ಐಇಇಇ 1588 ಎಂಬ ಮಾನಕವಾಯಿತು. ಮುಖ್ಯ ಗಡಿಯಾರ ಸಂದೇಶ ಕಳಿಸಿದ ಹೊತ್ತು, ಅದು ಉಪಗಡಿಯಾರವನ್ನು ಮುಟ್ಟಿದ ಹೊತ್ತು, ಉಪಗಡಿಯಾರ ತಿರುಗಿ ಕಳಿಸಿದ ಹೊತ್ತು, ಅದು ಮುಖ್ಯ ಗಡಿಯಾರಕ್ಕೆ ತಲುಪಿದ ಹೊತ್ತು: ಈ ನಾಲ್ಕು ಸಮಯಮುದ್ರೆಗಳಿಂದ ಗಡಿಯಾರಗಳ ಅಂತರವನ್ನೂ ದಾರಿಯ ವಿಳಂಬವನ್ನೂ ಲೆಕ್ಕ ಹಾಕುತ್ತಾರೆ.

ಮುದ್ರೆ ಎಲ್ಲಿ ಬೀಳುತ್ತದೆ ಎಂಬುದರಲ್ಲೇ ಗುಟ್ಟಿದೆ. ಕಚೇರಿಯ ಬಾಗಿಲಿಗೆ ಬೆಳಿಗ್ಗೆ ಬಂದ ಕಾಗದವನ್ನು ಗುಮಾಸ್ತರು ಬಿಡುವಾದಾಗ ಆವಕ ಪುಸ್ತಕದಲ್ಲಿ ನಮೂದಿಸಿದರೆ, ಅಲ್ಲಿರುವುದು ಕಾಗದ ಬಂದ ಹೊತ್ತಲ್ಲ, ಅವರ ಬಿಡುವಿನ ಹೊತ್ತು. ಸಾಫ್ಟ್‌ವೇರ್ ಹಾಕುವ ಮುದ್ರೆಯೂ ಹಾಗೆಯೇ: ಪ್ರೊಸೆಸರ್ ಬೇರೆ ಕೆಲಸದಲ್ಲಿದ್ದಷ್ಟು ಹೊತ್ತೂ ಪ್ಯಾಕೆಟ್ ಸರದಿಯಲ್ಲಿ ಕಾಯುತ್ತದೆ, ಆ ಕಾಯುವಿಕೆ ಪ್ರತಿಸಲ ಬದಲಾಗುತ್ತದೆ. ಅದಕ್ಕೇ ನೆಟ್‌ವರ್ಕ್ ಚಿಪ್‌ನಲ್ಲೇ, ಫ್ರೇಮಿನ ಆರಂಭದ ಗುರುತು ದಾಟುವ ಕ್ಷಣದಲ್ಲೇ ಹೊತ್ತನ್ನು ಹಿಡಿಯುವ ಹಾರ್ಡ್‌ವೇರ್ ಬೇಕು. ನಡುವಿನ ಸ್ವಿಚ್‌ನಲ್ಲಿ ಸಂದೇಶ ತಂಗಿದ ಹೊತ್ತೂ ಲೆಕ್ಕಕ್ಕೆ ಸೇರಬೇಕು. 2008ರ ಆವೃತ್ತಿಯ ಪಾರದರ್ಶಕ ಗಡಿಯಾರದ ಸ್ವಿಚ್‌ಗಳು ಅದನ್ನು ಅಳೆದು ಸಂದೇಶದಲ್ಲೇ ಬರೆದು ಕಳಿಸುತ್ತವೆ.

ಇಷ್ಟಾದರೂ ಒಂದು ತಪ್ಪು ಉಳಿಯಬಹುದು. ಹೋಗುವ ದಾರಿ ಮತ್ತು ಬರುವ ದಾರಿಗೆ ಸಮನಾದ ಹೊತ್ತು ಹಿಡಿಯುತ್ತದೆ ಎಂದೇ ಲೆಕ್ಕದ ನಂಬಿಕೆ. ಫೈಬರ್‌ನಲ್ಲಿ ಬೆಳಕಿಗೆ ಮೀಟರಿಗೆ ಸುಮಾರು 5 ನ್ಯಾನೋಸೆಕೆಂಡು ಬೇಕು. ಒಂದು ದಾರಿ ಇನ್ನೊಂದಕ್ಕಿಂತ 1 ಕಿಲೋಮೀಟರ್ ಉದ್ದವಾದರೆ ಆ ವ್ಯತ್ಯಾಸದ ಅರ್ಧ, ಅಂದರೆ 2.5 ಮೈಕ್ರೋಸೆಕೆಂಡಿನ ತಪ್ಪು ನುಸುಳುತ್ತದೆ. ಆ ನಾಲ್ಕು ಮುದ್ರೆಗಳು ಎಷ್ಟೇ ನಿಖರವಾಗಿದ್ದರೂ ಅವುಗಳಿಂದ ಇದು ಪತ್ತೆಯಾಗದು. ಮನುಷ್ಯರೇ ದಾರಿಯನ್ನು ಅಳೆದು ತಿದ್ದಬೇಕು.

ಒಂದೇ ಹೊತ್ತಿನ ಈ ಪ್ರಶ್ನೆ ನಮ್ಮ ನಾಡಿಗೂ ಸಂಬಂಧಿಸಿದ್ದು. 2012ರ ಜುಲೈನಲ್ಲಿ ಉತ್ತರ, ಪೂರ್ವ, ಈಶಾನ್ಯ ಗ್ರಿಡ್‌ಗಳು ಕುಸಿದಾಗ ದಕ್ಷಿಣದ ಗ್ರಿಡ್ ಉಳಿಯಿತು. ಅಂದು ಅದಕ್ಕೆ ಉಳಿದವುಗಳೊಂದಿಗೆ ಇದ್ದದ್ದು ಲಯವನ್ನು ಬೆಸೆಯದ ಡಿಸಿ ಕೊಂಡಿ ಮಾತ್ರ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆವಿ ಲೈನಿನ ಮೂಲಕ ದೇಶವೆಲ್ಲ ಒಂದೇ ಲಯದ ಗ್ರಿಡ್ ಆಯಿತು. ಅಂದಿನಿಂದ ಕೊರತೆಯಲ್ಲಿ ನೆರವು ಸುಲಭವಾಯಿತು, ದೂರದ ಏರುಪೇರೂ ಹತ್ತಿರವಾಯಿತು. ಒಂದೇ ಲಯಕ್ಕೆ ಸೇರಿದವರು ಒಂದೇ ಹೊತ್ತನ್ನು ಕಾಯ್ದುಕೊಳ್ಳುವ ಹೊಣೆಯನ್ನೂ ಹೊರಬೇಕು.

ವಿದ್ಯಾರ್ಥಿಗಳೇ, ನಾಳೆ ನಿಮ್ಮಲ್ಲಿ ಹಲವರು ಸಬ್‌ಸ್ಟೇಷನ್‌ಗಳಿಗೆ ಯಂತ್ರಗಳನ್ನು ಆರಿಸುವವರು. ಸಹಿ ಹಾಕುವ ಮುನ್ನ ಎರಡು ಪ್ರಶ್ನೆ ಕೇಳಿ: ಮುದ್ರೆ ಬೀಳುವುದು ಎಲ್ಲಿ? ಹೋಗಿಬರುವ ದಾರಿಗಳನ್ನು ಅಳೆದವರು ಯಾರು? ಉತ್ತರ ಬರುವವರೆಗೂ ಸಹಿ ಹಾಕಬೇಡಿ.